ಕಣ್ಸನ್ನೆಗೆ ಖಾನೆ ಇರಲಿಲ್ಲ

ತಪ್ಪು ನನ್ನದು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯಲ್ಲಿ ಹೇಳಿದರೆ ಅದೊಂದು ದೊಡ್ಡತನದ ಹಾಗೆ ಕಾಣಿಸುತ್ತದೆ, ಅಂಥದ್ದೇನೂ ಇಲ್ಲ. ಒಂದು ಮಧ್ಯಾಹ್ನ ಊಟ ಮುಗಿದ ಮೇಲೆ ಏಳು ಮಂದಿ ಶಿಕ್ಷಕಿಯರ ಎದುರು ನಿಂತು ನಾನು ಒಂದು ಮಾತು ಹೇಳಿದೆ. ಎಲ್ಲರೂ ಅದನ್ನು ಬರೆದುಕೊಂಡರು. ಆರು ತಿಂಗಳ ನಂತರ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ನನಗೆ ಒಂದು ಇಡೀ ಮಳೆಗಾಲ ಬೇಕಾಯಿತು.

ನಾನು ಉಡುಪಿಯ ಹೊರವಲಯದ ಒಂದು ವಿಶೇಷ ಶಾಲೆಯಲ್ಲಿ ಶಿಕ್ಷಕಿ. ಬೌದ್ಧಿಕ ಬೆಳವಣಿಗೆ ನಿಧಾನವಾಗಿರುವ ಮಕ್ಕಳು ನಮ್ಮಲ್ಲಿಗೆ ಬರುತ್ತಾರೆ. ಪರೀಕ್ಷೆ, ಅಂಕ, ಪಾಸು, ಫೇಲು ಇಲ್ಲಿಲ್ಲ. ಪ್ರತಿ ಮಗುವಿಗೂ ಒಂದು ಪಟ್ಟಿ ಇರುತ್ತದೆ. ಅಂಗಿಯ ಗುಂಡಿ ಹಾಕುತ್ತದೆಯೇ, ತನ್ನ ಹೆಸರು ಗುರುತಿಸುತ್ತದೆಯೇ, ರಸ್ತೆ ದಾಟುತ್ತದೆಯೇ ಎಂದು ಒಂದೊಂದಾಗಿ ನೋಡಿ, ವರ್ಷಕ್ಕೆ ಮೂರು ಸಲ ದಾಖಲಿಸುತ್ತೇವೆ. ಮೊದಲು ಇದೆಲ್ಲ ನೀಲಿ ರಟ್ಟಿನ ಕಡತದಲ್ಲಿ ಪೆನ್ಸಿಲಿನಲ್ಲಿ ನಡೆಯುತ್ತಿತ್ತು. ಒಬ್ಬೊಬ್ಬ ಶಿಕ್ಷಕಿಗೆ ಒಂದೊಂದು ಗುರುತು. ಕೆಮ್ಮಣ್ಣು ಎಂಬ ಊರಿನಿಂದ ಬರುವ ನನ್ನ ಸಹೋದ್ಯೋಗಿಯೊಬ್ಬರು ಕೆಲವು ಕಡೆ ಒಂದು ಸಣ್ಣ ಚುಕ್ಕೆ ಇಡುತ್ತಿದ್ದರು. ಮಗು ಮಾಡಿತು, ಆದರೆ ನನ್ನ ಮುಖ ನೋಡಿಕೊಂಡು ಮಾಡಿತು ಎಂದು ಆ ಚುಕ್ಕೆಯ ಅರ್ಥ. ಅದು ಅವರಿಗೆ ಮಾತ್ರ ಗೊತ್ತಿತ್ತು.

ಆಮೇಲೆ ಸಾಫ್ಟ್‌ವೇರ್ ಬಂತು. ನಮ್ಮ ಶಾಲೆಗೆ ನೆರವು ಕೊಡುವ ಟ್ರಸ್ಟಿನವರು ಎರಡು ಟ್ಯಾಬ್ ಕೊಟ್ಟು, ಇನ್ನು ಮುಂದೆ ಮಕ್ಕಳ ಪ್ರಗತಿ ಇದರಲ್ಲೇ ದಾಖಲಾಗಬೇಕು ಎಂದರು. ಅದನ್ನು ತಯಾರಿಸಿದ್ದು ಮಣಿಪಾಲದ ಒಂದು ಸಣ್ಣ ಕಚೇರಿ. ಎಂದೋ ಕಾರ್ಕಳದಲ್ಲಿ ಮೂರು ತಿಂಗಳ ಕಂಪ್ಯೂಟರ್ ತರಗತಿಗೆ ಹೋಗಿದ್ದೆನೆಂಬ ಒಂದೇ ಕಾರಣಕ್ಕೆ ಅದರ ಜವಾಬ್ದಾರಿ ನನ್ನ ತಲೆಗೆ ಬಂತು. ನನಗೆ ಸ್ವಲ್ಪ ಹೆಮ್ಮೆಯೂ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ಸಾಫ್ಟ್‌ವೇರಿನಲ್ಲಿ ಪ್ರತಿ ಕೌಶಲದ ಎದುರು ನಾಲ್ಕು ಆಯ್ಕೆಗಳಿದ್ದವು. ಸ್ವತಂತ್ರ, ಮಾತಿನ ನೆರವು, ಕೈಹಿಡಿದ ನೆರವು, ಅವಕಾಶ ಸಿಕ್ಕಿಲ್ಲ. ‘ಸ್ವತಂತ್ರ’ ಎಂದು ಒತ್ತಿದ್ದು ಮಾತ್ರ ಲೆಕ್ಕಕ್ಕೆ. ಅವನ್ನೆಲ್ಲ ಕೂಡಿಸಿ ಅದು ನೂರಕ್ಕೆ ಇಷ್ಟು ಎಂದು ಹೇಳಿ, ಒಂದು ಹಸಿರು ಗೆರೆ ಎಳೆಯುತ್ತಿತ್ತು. ಗೆರೆ ಎಂಬತ್ತನ್ನು ದಾಟಿದರೆ ಮಗು ಮುಂದಿನ ಹಂತಕ್ಕೆ ಹೋಗಬಹುದು. ಶಾಲೆಯ ಹೊರಗಿನ ಕೌಶಲಗಳಿಗೆ ಮಾತ್ರ ಒಂದು ಹೆಚ್ಚುವರಿ ನಿಯಮ: ಅರ್ಧ ನಿಮಿಷದ ವಿಡಿಯೋ ಇಲ್ಲದೆ ಮೊದಲ ಮೂರರಲ್ಲಿ ಯಾವುದನ್ನೂ ಒತ್ತುವಂತಿಲ್ಲ.

ಉಳಿದ ಶಿಕ್ಷಕಿಯರಿಗೆ ನಾನು ತರಬೇತಿ ಕೊಟ್ಟ ದಿನ ಕೆಮ್ಮಣ್ಣಿನವರು ಕೈಯೆತ್ತಿದರು.

“ಮೇಡಂ, ನಾನು ಬಾಯಲ್ಲಿ ಹೇಳುವುದಿಲ್ಲ, ಕೈಯಲ್ಲಿ ಮುಟ್ಟುವುದೂ ಇಲ್ಲ. ಬರೀ ಹೀಗೆ ನೋಡ್ತೇನೆ. ಮಗು ಮಾಡ್ತದೆ. ಅದಕ್ಕೆ ಎಂತ ಹಾಕುವುದು?”

ನಾಲ್ಕು ಆಯ್ಕೆಗಳನ್ನೂ ನೋಡಿದೆ. ಚುಕ್ಕೆಗೆ ಜಾಗ ಇರಲಿಲ್ಲ. ಮನೆಗೆ ಹೋಗುವ ನಾಲ್ಕೂವರೆಯ ಕಾರ್ಕಳ ಬಸ್ಸು ನನ್ನ ತಲೆಯಲ್ಲಿತ್ತು.

“ಮಾತಾಡ್ಲಿಲ್ಲ, ಮುಟ್ಲಿಲ್ಲ ಅಂತಾದ್ರೆ ಸ್ವತಂತ್ರ ಅಂತಲೇ ಹಾಕಿ” ಎಂದೆ.

ಇದೇ ಆ ಮಾತು. ಆ ಅವಧಿಯ ಕೊನೆಗೆ ಶಾಲೆಯ ಎಲ್ಲ ಗೆರೆಗಳೂ ಮೇಲಕ್ಕೆ ಹೋದವು. ಮುಖ್ಯೋಪಾಧ್ಯಾಯಿನಿಯವರು ಅವನ್ನು ಬಣ್ಣದಲ್ಲಿ ಮುದ್ರಿಸಿ ಕಚೇರಿಯ ಗೋಡೆಗೆ ಅಂಟಿಸಿದರು. ನಾನೂ ನಿಂತು ನೋಡಿ ಖುಷಿಪಟ್ಟೆ.

ಆ ಗೋಡೆಯ ಮೇಲೆ ಎಲ್ಲರಿಗಿಂತ ಎತ್ತರದ ಗೆರೆ ಕಾಪುವಿನ ಒಬ್ಬ ಹುಡುಗಿಯದ್ದು. ಎಂಬತ್ತನಾಲ್ಕು. ಅವಳಿಗೆ ಮುಂದಿನ ವರ್ಷ ಹದಿನೆಂಟು ತುಂಬುವುದಿತ್ತು. ಹದಿನೆಂಟಾದ ಮೇಲೆ ನಮ್ಮ ಶಾಲೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಮಾತು ಕಡಿಮೆ, ಒಂದೊಂದೇ ಶಬ್ದ, ಅದೂ ಗುರುತಿನವರ ಹತ್ತಿರ ಮಾತ್ರ. ಕೈ ಮಾತ್ರ ಬಹಳ ಚುರುಕು. ಕಾಗದ ಮಡಚಲು ಕೊಟ್ಟರೆ ಅಂಚಿಗೆ ಅಂಚು ಕೂಡಿಸಿ ಮಡಚುತ್ತಾಳೆ. ಮಣಿಪಾಲದಲ್ಲಿ ಇಂಥ ಮಕ್ಕಳಿಗಾಗಿ ಒಂದು ಕೆಲಸದ ಘಟಕ ಇದೆ. ಔಷಧಿ ಅಂಗಡಿಗಳಿಗೆ ಕಾಗದದ ಚೀಲ ಮಾಡಿಕೊಡುತ್ತಾರೆ. ಅಲ್ಲಿ ಒಂದು ಜಾಗ ಖಾಲಿಯಾಗುವುದಿತ್ತು. ಆದರೆ ನಮ್ಮ ಶಾಲೆಯ ವ್ಯಾನಿನ ಹಾಗೆ ಅವರ ವಾಹನ ಕಾಪುವಿನವರೆಗೆ ಬರುವುದಿಲ್ಲ. ಬಸ್ಸಿನಲ್ಲಿ ಒಬ್ಬಳೇ ಬರಬೇಕು. ಅವಳ ತಾಯಿ ಮೀನು ಮಾರುವವರು, ಬೆಳಿಗ್ಗೆ ನಾಲ್ಕೂವರೆಗೆ ಮಲ್ಪೆಗೆ ಹೋಗಿ ಮೀನು ತಂದು ಕಾಪುವಿನ ಮಾರ್ಕೆಟ್ಟಿನಲ್ಲಿ ಕುಳಿತುಕೊಳ್ಳಬೇಕು. ಮನೆಯಲ್ಲಿ ಇವರಿಬ್ಬರೇ. ಬಸ್ಸಿನಲ್ಲಿ ಬರಲು ಬಂದರೆ ಕೆಲಸ, ಬಾರದಿದ್ದರೆ ಇನ್ನು ಮುಂದೆ ಮನೆಯೇ. ವಿಷಯ ಇಷ್ಟು.

‘ಸರಿಯಾದ ಬಸ್ಸನ್ನು ಗುರುತಿಸಿ ಹತ್ತುತ್ತಾಳೆ’ ಎಂಬ ಕೌಶಲದ ಎದುರು ಆರು ಸಲವೂ ‘ಸ್ವತಂತ್ರ’ ಎಂದು ಇತ್ತು. ಅದನ್ನು ಹಿಡಿದುಕೊಂಡು ಘಟಕದ ಮೇಲ್ವಿಚಾರಕರ ಬಳಿ ಹೋದೆ. ಅವರು ಗ್ರಾಫನ್ನು ಮಗುಚಿ ಮೇಜಿನ ಮೇಲಿಟ್ಟರು.

“ಗ್ರಾಫ್ ಎಲ್ಲರದ್ದೂ ಚಂದವೇ ಇರ್ತದೆ ಮೇಡಂ. ಬಸ್ಸಿನದ್ದು ವಿಡಿಯೋ ಉಂಟಾದ್ರೆ ಅದನ್ನು ತನ್ನಿ.”

ಆ ಸಂಜೆ ಕಾರ್ಕಳದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಆರು ವಿಡಿಯೋಗಳನ್ನೂ ಮೊಬೈಲಿನಲ್ಲಿ ಒಂದರ ಹಿಂದೆ ಒಂದು ನೋಡಿದೆ. ಅಲ್ಲಿಯವರೆಗೆ ಅವನ್ನು ಯಾರೂ ನೋಡಿರಲಿಲ್ಲ. ತೆಗೆಯುವುದು, ಸೇರಿಸುವುದು, ಮರೆಯುವುದು. ನಾಲ್ಕು ಕೆಮ್ಮಣ್ಣಿನವರು ತೆಗೆದದ್ದು, ಎರಡು ನಾನು. ಕಾಪುವಿನ ಬಸ್ ನಿಲ್ದಾಣ, ಸಮವಸ್ತ್ರದಲ್ಲಿ ಹುಡುಗಿ, ಬಂದು ನಿಲ್ಲುವ ಬಸ್ಸು. ಹತ್ತುವ ಮೊದಲು ಅವಳು ತಿರುಗಿ ನೇರ ಕ್ಯಾಮೆರಾದ ಕಡೆ ನೋಡುತ್ತಾಳೆ. ಒಂದು ಕ್ಷಣ, ಆಮೇಲೆ ಹತ್ತುತ್ತಾಳೆ. ಆರರಲ್ಲೂ ಹಾಗೆಯೇ. ವಿಡಿಯೋ ತೆಗೆಯುತ್ತಿದ್ದಾರೆಂದು ನಾಚಿಕೆಯಿರಬೇಕು ಎಂದುಕೊಂಡೆ.

ಪರ್ಕಳ ದಾಟುವಾಗ ನನ್ನದೇ ವಿಡಿಯೋವನ್ನು ಮತ್ತೊಮ್ಮೆ ನೋಡಿದೆ. ಬೇರೆ ಊರಿನ ಬಸ್ಸು ಬಂದಾಗ ಚಿತ್ರ ಅಲುಗುವುದಿಲ್ಲ. ಮಣಿಪಾಲದ ಬಸ್ಸು ಬಂದು ಅವಳು ಈಚೆ ತಿರುಗಿದ ಕೂಡಲೇ ಇಡೀ ಚಿತ್ರ ಒಮ್ಮೆ ಕೆಳಗೆ ಹೋಗಿ ಮೇಲೆ ಬರುತ್ತದೆ. ನಾನು ತಲೆಯಾಡಿಸಿದ್ದೆ. ಟ್ಯಾಬ್ ಹಿಡಿದ ಕೈಯೂ ತಲೆಯ ಜೊತೆಗೆ ಆಡಿತ್ತು. ಎರಡನೆಯ ವಿಡಿಯೋದಲ್ಲೂ ಹಾಗೆಯೇ. ಕೆಮ್ಮಣ್ಣಿನವರ ನಾಲ್ಕರಲ್ಲೂ ಹಾಗೆಯೇ.

ಹುಡುಗಿ ಬಸ್ಸಿನ ಬೋರ್ಡು ನೋಡುತ್ತಲೇ ಇರಲಿಲ್ಲ, ನಮ್ಮನ್ನು ನೋಡುತ್ತಿದ್ದಳು. ಮೊಬೈಲ್ ಮುಚ್ಚಿ ಕಾರ್ಕಳದವರೆಗೆ ಹೊರಗೆ ನೋಡಿಕೊಂಡು ಕುಳಿತೆ.

ಇನ್ನು ಪರೀಕ್ಷಿಸಿ ನೋಡಬೇಕಿತ್ತು. ಅವಳಿಗೆ ಪರಿಚಯವಿಲ್ಲದ ಒಬ್ಬರು ಬೇಕು, ನಮ್ಮ ಶಾಲೆಯವರಾರೂ ಆಗುವುದಿಲ್ಲ. ಸಾಫ್ಟ್‌ವೇರ್ ಕಚೇರಿಯಲ್ಲಿ ನಮ್ಮ ಕೆಲಸ ನೋಡಿಕೊಳ್ಳುತ್ತಿದ್ದ ಎಂಜಿನಿಯರ್ ಒಬ್ಬಳಿದ್ದಳು, ಹೆಬ್ರಿಯವಳು. ಫೋನಿನಲ್ಲಿ ಅವಳ ಹತ್ತಿರ ಹಲವು ಸಲ ಜಗಳವಾಡಿದ್ದೆ. ಈ ಸಲ ವಿಷಯವನ್ನು ಪೂರ್ತಿ ಹೇಳಿದೆ.

“ಸನ್ನೆಗೆ ಒಂದು ಆಪ್ಷನ್ ಬೇಕು ಅಂತ ನೀವು ಹೇಳಲೇ ಇಲ್ಲ ಅಲ್ವಾ ಮೇಡಂ?”

“ಹೇಳ್ಲಿಲ್ಲ.”

“ನಾನೂ ಕೇಳ್ಲಿಲ್ಲ. ಸರಿ, ಯಾವತ್ತು ಬರಬೇಕು ಹೇಳಿ.”

ತಾಯಿಗೆ ಹೇಳಿ ಒಪ್ಪಿಗೆ ಪಡೆದೆವು. ಶಿಕ್ಷಕಿ ದೂರದಿಂದ ನೋಡಿಕೊಳ್ಳುತ್ತಾರೆ ಎಂದಷ್ಟೇ ಹೇಳಿದ್ದು, ಅನುಮಾನ ಹೇಳಿರಲಿಲ್ಲ. ಬೆಳಿಗ್ಗೆ ಎಂಟು ಗಂಟೆಗೆ ಎಂಜಿನಿಯರ್ ಪ್ರಯಾಣಿಕರ ಹಾಗೆ ಹುಡುಗಿಯ ಹಿಂದೆ ನಿಂತಳು. ನಾನು ರಸ್ತೆಯ ಈಚೆ ಒಂದು ಹೋಟೆಲಿನ ಒಳಗೆ, ಗಾಜಿನ ಕಪಾಟಿನ ಮರೆಯಲ್ಲಿ ಕುಳಿತು ಚಹಾ ಹೇಳಿದೆ.

ಮಣಿಪಾಲದ ಬಸ್ಸು ಬಂತು. ಹುಡುಗಿ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಹಿಂದೆ ನೋಡಿದಳು. ಬಸ್ಸು ಹೋಯಿತು. ಇನ್ನೊಂದು ಬಂತು. ಅದೇ. ಐವತ್ತು ನಿಮಿಷಗಳಲ್ಲಿ ನಾಲ್ಕು ಬಸ್ಸುಗಳು ಹೋದವು. ಅವಳು ಅಳಲಿಲ್ಲ, ಕದಲಲಿಲ್ಲ. ಪ್ರತಿ ಬಸ್ಸು ಬಂದಾಗಲೂ ಸುತ್ತ ನಿಂತವರ ಮುಖ ಹುಡುಕುತ್ತಿದ್ದಳು. ನಾನು ಎದ್ದು ಹೋಗಿ ಕರೆದುಕೊಂಡು ಬಂದೆ. ನನ್ನನ್ನು ಕಂಡು ನಕ್ಕಳು.

ಹತ್ತದೆ ನಿಂತರೆ ಅಪಾಯವಾದರೂ ಇಲ್ಲ ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ. ಎರಡು ದಿನ ಬಿಟ್ಟು ಮತ್ತೆ ಪ್ರಯತ್ನಿಸಿದಾಗ ಆ ಸಮಾಧಾನವೂ ಹೋಯಿತು. ಶಿರ್ವದ ಕಡೆಗೆ ಹೋಗುವ ಬಸ್ಸು ಬಂದು ನಿಂತಿತು. ಪಕ್ಕದಲ್ಲಿದ್ದ ಒಬ್ಬ ಹೆಂಗಸು ತನ್ನ ಮಗಳಿಗೆ ಹತ್ತು ಎಂದು ಗದ್ದ ಎತ್ತಿ ಸನ್ನೆ ಮಾಡಿದಳು. ಅದನ್ನು ಕಂಡ ನಮ್ಮ ಹುಡುಗಿ ಸಲೀಸಾಗಿ ಆ ಬಸ್ಸು ಹತ್ತಿಬಿಟ್ಟಳು. ಎಂಜಿನಿಯರ್ ಓಡಿಹೋಗಿ ಹಿಂಬಾಗಿಲಿನಿಂದ ಹತ್ತಿ, ಮುಂದಿನ ನಿಲುಗಡೆಯಲ್ಲಿ ಇಳಿಸಿ ರಿಕ್ಷಾದಲ್ಲಿ ಕರೆತಂದಳು.

“ಮೇಡಂ, ನಮ್ಮ ರಿಪೋರ್ಟಿನಲ್ಲಿ ಬಸ್ಸಿನದ್ದಕ್ಕೆ ಇವಳಿಗೆ ಹಂಡ್ರೆಡ್ ಪರ್ಸೆಂಟ್ ಉಂಟು” ಎಂದಳು.

ಮರುದಿನ ಮುಖ್ಯೋಪಾಧ್ಯಾಯಿನಿಯವರ ಎದುರು ಎಲ್ಲವನ್ನೂ ಹೇಳಿದೆ. ಅವಧಿ ಮುಗಿದ ದಾಖಲೆಗಳಿಗೆ ಸಾಫ್ಟ್‌ವೇರ್ ಬೀಗ ಹಾಕುತ್ತದೆ. ಬೀಗ ತೆಗೆಯುವ ಅಧಿಕಾರ ನನ್ನ ಕೈಯಲ್ಲಿತ್ತು, ಅವರ ಒಪ್ಪಿಗೆ ಬೇಕಿತ್ತು. ಟ್ರಸ್ಟಿನವರು ಶಾಲೆ ನೋಡಲು ಬರುವ ದಿನವೂ ನಿಗದಿಯಾಗಿತ್ತು.

“ಅವಳದ್ದೊಂದು ಸರಿಮಾಡಿದ್ರೆ ಸಾಲದಾ?” ಎಂದು ಕೇಳಿದರು.

“ನಾನು ಅವಳೊಬ್ಬಳಿಗೆ ಅಂತ ಹೇಳಿದ್ದಲ್ಲ ಮೇಡಂ. ಎಲ್ಲರಿಗೂ ಹೇಳಿದ್ದು.”

ಅವರು ಗೋಡೆಯ ಮೇಲಿನ ಹಸಿರು ಗೆರೆಗಳನ್ನು ಸ್ವಲ್ಪ ಹೊತ್ತು ನೋಡಿದರು. “ಕಾರಣ ಬರೆಯುವ ಕಡೆ ನಿಮ್ಮ ಹೆಸರೇ ಹಾಕಿ” ಎಂದರು. ಅದು ಗದರಿಕೆಯೂ ಅಲ್ಲ, ಸಮಾಧಾನವೂ ಅಲ್ಲ. ನ್ಯಾಯವಾಗಿತ್ತು.

ಶಿಕ್ಷಕಿಯರ ಸಭೆ ಅಷ್ಟು ಸುಲಭವಾಗಲಿಲ್ಲ. “ನೀವೇ ಹೇಳಿದ್ದಲ್ವಾ ಮೇಡಂ, ಸ್ವತಂತ್ರ ಅಂತ ಹಾಕಿ ಅಂತ?” ಎಂದರು ಕೆಮ್ಮಣ್ಣಿನವರು. ನಾನೇ ಹೇಳಿದ್ದು ಎಂದೆ. “ಕಡತದಲ್ಲಿ ನನ್ನ ಚುಕ್ಕೆ ಉಂಟಲ್ಲ, ಅದನ್ನು ಒಮ್ಮೆ ಕೇಳಬಹುದಿತ್ತು” ಎಂದರು. ಆ ಕಡತಗಳನ್ನು ಅಂದೇ ಕಪಾಟಿನಿಂದ ಇಳಿಸಿದೆ. ಮುಂದಿನ ಒಂಬತ್ತು ದಿನ ಅವರು ನನ್ನ ಜೊತೆ ಕುಳಿತು, ಹಳೆಯ ಕಡತ ಒಂದು ಕಡೆ, ಟ್ಯಾಬ್ ಒಂದು ಕಡೆ ಇಟ್ಟುಕೊಂಡು, ಒಬ್ಬೊಬ್ಬ ಮಗುವಿನ ದಾಖಲೆ ತಿದ್ದಲು ನೆರವಾದರು. ಎಂಜಿನಿಯರ್ ಐದನೆಯ ಆಯ್ಕೆ ಸೇರಿಸಿಕೊಟ್ಟಳು: ಸನ್ನೆಯ ನೆರವು. ತಿದ್ದಿದ ಹಾಗೆ ಗೆರೆಗಳು ಇಳಿದವು. ಕಾಪುವಿನ ಹುಡುಗಿಯದ್ದು ಅರವತ್ತೊಂದಕ್ಕೆ ಬಂದು ನಿಂತಿತು.

ತಾಯಿಗೆ ಹೇಳುವುದು ಬಾಕಿ ಇತ್ತು. ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಮಾರ್ಕೆಟ್ಟಿಗೆ ಹೋದೆ. ಗಿರಾಕಿಗಳು ಕಡಿಮೆಯಾಗುವ ಸಮಯ. ಶನಿವಾರವಾದ್ದರಿಂದ ಹುಡುಗಿಯೂ ಅಲ್ಲಿಯೇ ತಾಯಿಯ ಪಕ್ಕ ಮಣೆಯ ಮೇಲೆ ಕುಳಿತಿದ್ದಳು.

ನಾನು ಹೇಳಿದ್ದನ್ನೆಲ್ಲ ಅವರು ಕೈ ಒರೆಸಿಕೊಳ್ಳುತ್ತಾ ಕೇಳಿದರು.

“ಹಾಗಾದ್ರೆ ಬಸ್ಸಿನದ್ದು ಅವಳಿಗೆ ಬರುವುದಿಲ್ಲ ಅಂತ ಬರೆದಿರಾ ಟೀಚರೇ?”

“ಬರೆದೆ ಅಕ್ಕ.”

“ಮೊದಲು ಬರ್ತದೆ ಅಂತ ನೀವೇ ಬರೆದದ್ದು.”

“ಹೌದು. ಅದು ತಪ್ಪಾಗಿತ್ತು.”

“ನಾನು ಎಲ್ಲರ ಹತ್ರ ಹೇಳಿಯಾಯ್ತು, ಮಗಳು ಮಣಿಪಾಲಕ್ಕೆ ಕೆಲಸಕ್ಕೆ ಹೋಗ್ತಾಳೆ ಅಂತ.” ಅವರ ದನಿ ಏರಲಿಲ್ಲ. ಏರಿದ್ದರೆ ನನಗೆ ಹಗುರವಾಗುತ್ತಿತ್ತು.

ಅಷ್ಟರಲ್ಲಿ ಒಬ್ಬರು ಬಂದು ಬಂಗುಡೆ ಕೇಳಿದರು. ತಾಯಿ ಅವರೊಡನೆ ಚೌಕಾಸಿ ಮಾಡುತ್ತಲೇ ಇದ್ದರು. ಮಗಳ ಕಡೆ ಒಮ್ಮೆ ಕಣ್ಣು ಹಾಯಿಸಿದರು. ಹುಡುಗಿ ಬುಟ್ಟಿಯ ಎಡಬದಿಯಿಂದ ಮೀನು ತೆಗೆದು ಚೀಲಕ್ಕೆ ಹಾಕಿದಳು. ಮತ್ತೊಮ್ಮೆ ಕಣ್ಣು. ಅಂಜಲ್ ಮೀನಿನ ಮೇಲೆ ಒದ್ದೆ ಬಟ್ಟೆ ಮುಚ್ಚಿದಳು. ಒಂದು ಮಾತೂ ಇಲ್ಲ. ಗಿರಾಕಿ ಹೋದ ಮೇಲೆ ತಾಯಿ ನನ್ನ ಕಡೆ ತಿರುಗಿದರು.

“ಗಿರಾಕಿಯ ಎದುರು ಬಾಯಿಬಿಟ್ಟು ಹೇಳ್ಲಿಕ್ಕೆ ಆಗ್ತದಾ, ಇದು ಕೊಡು, ಇದು ಬೇಡ ಅಂತ? ಕಣ್ಣಲ್ಲೇ ಹೇಳುವುದು. ಸಣ್ಣದಿರುವಾಗಲೇ ಕಲಿಸಿದ್ದು. ಮುಖ ನೋಡಿ ಮಾಡು ಅಂತ ಕಲಿಸಿದ್ದು ನಾನು ಟೀಚರೇ. ಅದು ತಪ್ಪಾ?”

ತಪ್ಪಲ್ಲ ಎಂದೆ. ಎಂಟು ವರ್ಷ ಅವಳಿಗೆ ಪಾಠ ಮಾಡಿದ ಶಾಲೆ ನಮ್ಮದು. ಅವಳು ಕಲಿಯುವುದು ಹೇಗೆ ಎಂಬುದನ್ನು ನಾನು ಮೀನಿನ ಬುಟ್ಟಿಯ ಎದುರು ನಿಂತು ತಿಳಿಯಬೇಕಾಯಿತು. ನಾಚಿಕೆಯಾಯಿತು.

ಹಿಂದಿರುಗುವಾಗ ಬಸ್ಸು ಹತ್ತುವ ಮೊದಲು ಅಭ್ಯಾಸದಂತೆ ಕಂಡಕ್ಟರನ್ನು ಕೇಳಿದೆ, “ಮಣಿಪಾಲಕ್ಕೆ ಹೋಗ್ತದಾ?” ಬೋರ್ಡಿನಲ್ಲಿ ಮಣಿಪಾಲ ಎಂದೇ ಇತ್ತು. ಆದರೂ ಕೇಳಿದೆ. ನಮ್ಮ ಕಡೆ ಎಲ್ಲರೂ ಕೇಳುತ್ತಾರೆ. ಖಾಸಗಿ ಬಸ್ಸುಗಳ ಸಮಯ ನಿಮಿಷದ ಲೆಕ್ಕದ್ದು. ತಡವಾದರೆ ಉಡುಪಿಯಲ್ಲೇ ಎಲ್ಲರನ್ನೂ ಇಳಿಸಿ ಬಸ್ಸನ್ನು ತಿರುಗಿಸಿಬಿಡುತ್ತಾರೆ, ಟ್ರಿಪ್ ಕಟ್ ಎನ್ನುತ್ತಾರೆ. ಬೋರ್ಡನ್ನು ನಂಬಿ ಹತ್ತುವವರು ಈ ಜಿಲ್ಲೆಯಲ್ಲಿ ಯಾರೂ ಇಲ್ಲ. ಎಲ್ಲರೂ ಕಂಡಕ್ಟರನ ಮುಖ ನೋಡಿಯೇ ಹತ್ತುವುದು. ನಾವು ಮಾತ್ರ ಆ ಹುಡುಗಿಗೆ ಎರಡು ವರ್ಷದಿಂದ ಬೋರ್ಡು ಓದಲು ಕಲಿಸುತ್ತಿದ್ದೆವು.

ಅವಳು ಮುಖ ನೋಡುವುದನ್ನು ಬಿಡಿಸುವುದು ಬೇಡ, ನೋಡುವ ಮುಖವನ್ನು ಬದಲಾಯಿಸೋಣ ಎಂದು ಆ ಬಸ್ಸಿನಲ್ಲಿಯೇ ನಿರ್ಧರಿಸಿದೆ. ಕೌಶಲದ ಹೆಸರನ್ನು ತಿದ್ದಿದೆವು: ‘ಕಂಡಕ್ಟರಿಗೆ ಚೀಟಿ ತೋರಿಸಿ, ಅವರ ಒಪ್ಪಿಗೆ ಪಡೆದು ಹತ್ತುತ್ತಾಳೆ.’ ಎಂಜಿನಿಯರ್ ಅದರ ಕೆಳಗೆ ಇನ್ನೂ ಮೂರು ಸಾಲು ಸೇರಿಸಿದಳು: ಸರಿಯಾದ ಕಡೆ ಇಳಿಯುತ್ತಾಳೆ, ಗೇಟಿನವರೆಗೆ ನಡೆಯುತ್ತಾಳೆ, ಅಗತ್ಯವಿದ್ದರೆ ಬಸ್ಸು ಬದಲಾಯಿಸುತ್ತಾಳೆ. ಕೊನೆಯದನ್ನು ಕಲಿಸುವುದು ಈಗಲೇ ಬೇಡ ಎಂದು ‘ಅವಕಾಶ ಸಿಕ್ಕಿಲ್ಲ’ ಎಂದು ಒತ್ತಿ ಬಿಟ್ಟೆವು.

ಘಟಕದ ಮೇಲ್ವಿಚಾರಕರಿಗೆ ಅರವತ್ತೊಂದರ ಗ್ರಾಫನ್ನೇ ಕೊಟ್ಟು ನಡೆದದ್ದು ಹೇಳಿದೆ. ಜಾಗವನ್ನು ಸೆಪ್ಟೆಂಬರ್ ಕೊನೆಯವರೆಗೆ ಕಾಯ್ದಿಡುತ್ತೇನೆ ಎಂದರು. “ಹತ್ತು ದಿನ ತಾನಾಗಿಯೇ ಈ ಗೇಟಿಗೆ ಬರಲಿ, ಒಂಬತ್ತೂವರೆಯ ಒಳಗೆ. ಆಮೇಲೆ ನೋಡುವ.”

ಮೊದಲ ವಾರ ನಾವು ಅವಳ ಪಕ್ಕದಲ್ಲೇ ನಿಂತೆವು, ಆದರೆ ಬೆನ್ನು ಹಾಕಿ. ಇದು ಹೇಳುವಷ್ಟು ಸುಲಭವಲ್ಲ. ಅವಳು ಸುತ್ತಿಬಂದು ನಮ್ಮ ಮುಖದ ಎದುರು ನಿಲ್ಲುತ್ತಿದ್ದಳು. ಕೆಮ್ಮಣ್ಣಿನವರು ಒಂದು ದಿನ ಕಪ್ಪು ಕನ್ನಡಕ ಹಾಕಿಕೊಂಡು ಬಂದರು. ಹುಡುಗಿ ಬಿದ್ದು ಬಿದ್ದು ನಕ್ಕಳು. ಎರಡು ಬಸ್ಸು ಹಾಗೆಯೇ ಹೋಯಿತು.

ಚೀಟಿಯೆಂದರೆ ಅಂಗೈಯಗಲದ ಲ್ಯಾಮಿನೇಟ್ ಮಾಡಿದ ರಟ್ಟು, ಮಣಿಪಾಲ ಎಂದು ದಪ್ಪಕ್ಷರದಲ್ಲಿ. ಎರಡನೆಯ ವಾರ ಅವಳು ಅದನ್ನು ಎತ್ತಿ ತೋರಿಸಲು ಕಲಿತಳು. ಆಗ ಕಂಡಕ್ಟರುಗಳ ಸರದಿ. ಒಬ್ಬರು ಪಾಪವೆಂದು ಕೈ ಹಿಡಿದು ಎಳೆದು ಹತ್ತಿಸಿದರು. ಇನ್ನೊಬ್ಬರು “ಬಾ ತಂಗಿ, ಬಾ, ಬಾ” ಎಂದು ಕೂಗಿದರು. ಅವರಿಗೆ ಒಳ್ಳೆಯ ಮನಸ್ಸು, ನಮಗೆ ದಾಖಲೆ ಹಾಳು. ಎಲ್ಲಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಒಂದು ಗುರುವಾರ. ಶಿರ್ವದ ಬಸ್ಸಿನ ಕಂಡಕ್ಟರ್ ಮೊಬೈಲಿನಲ್ಲಿ ಮಾತನಾಡುತ್ತಾ, ಚೀಟಿಯ ಕಡೆ ನೋಡದೆಯೇ ಹೂಂ ಎಂದು ತಲೆಯಾಡಿಸಿದರು. ಅವಳು ಹತ್ತಿದಳು. ಮತ್ತೆ ಮುಂದಿನ ನಿಲುಗಡೆ, ಮತ್ತೆ ರಿಕ್ಷಾ.

ಆ ದಿನ ನನಗೆ ಇದನ್ನು ಬಿಟ್ಟುಬಿಡೋಣ ಅನ್ನಿಸಿತು. ಕೆಮ್ಮಣ್ಣಿನವರು ಬಿಡಲಿಲ್ಲ.

“ತೋರಿಸುವುದು ಬೇಡ ಮೇಡಂ. ಕೈಗೆ ಕೊಡ್ಲಿ. ಕೈಗೆ ಬಂದದ್ದನ್ನು ಯಾರಾದರೂ ನೋಡಿಯೇ ನೋಡ್ತಾರೆ. ಅವರು ಹೌದು ಅಂತ ಹೇಳಿ ಚೀಟಿ ತಿರುಗಿ ಕೊಟ್ರೆ ಮಾತ್ರ ಹತ್ತುವುದು.”

ಇಷ್ಟು ಸಣ್ಣ ಬದಲಾವಣೆ. ಚೀಟಿ ಕೈಗೆ ಬಿದ್ದ ಕೂಡಲೇ ಕಂಡಕ್ಟರ್ ಅದನ್ನು ಓದುತ್ತಿದ್ದರು, ಅವಳ ಮುಖ ನೋಡುತ್ತಿದ್ದರು, ಹೌದು ಅಥವಾ ಇಲ್ಲ ಎನ್ನುತ್ತಿದ್ದರು. ಇಲ್ಲ ಎಂದವರಿಂದ ಚೀಟಿ ಕಿತ್ತುಕೊಂಡು ಹಿಂದೆ ಸರಿಯಲು ಅವಳು ಎರಡೇ ದಿನದಲ್ಲಿ ಕಲಿತಳು. ನಾವು ಮೂರು ಮಾರು ದೂರ ಹೋದೆವು, ಆಮೇಲೆ ರಸ್ತೆಯ ಆಚೆ, ಆಮೇಲೆ ಹೋಟೆಲಿನ ಒಳಗೆ. ಸೆಪ್ಟೆಂಬರ್ ಎರಡನೆಯ ವಾರ ಹತ್ತು ದಿನಗಳ ಎಣಿಕೆ ಶುರುವಾಯಿತು.

ಮೊದಲ ಏಳು ದಿನ ನಮ್ಮಲ್ಲೊಬ್ಬರು ಅವಳಿಗೆ ಕಾಣದಂತೆ ಅದೇ ಬಸ್ಸಿನ ಹಿಂದಿನ ಸೀಟಿನಲ್ಲಿ ಹೋದೆವು. ಏಳೂ ದಿನ ಸ್ವತಂತ್ರ, ವಿಡಿಯೋ ಸಮೇತ. ಕೊನೆಯ ಮೂರು ದಿನ ಬಸ್ಸಿನಲ್ಲಿ ಯಾರೂ ಇರಬಾರದೆಂದು ತೀರ್ಮಾನಿಸಿದೆವು. ಹತ್ತುವುದನ್ನು ಕಾಪುವಿನಲ್ಲಿ ಕೆಮ್ಮಣ್ಣಿನವರು ನೋಡುವುದು, ಇಳಿದು ಬರುವುದನ್ನು ಮಣಿಪಾಲದಲ್ಲಿ ನಾನು. ತಾಯಿಯನ್ನು ಕೇಳಿದಾಗ, “ಒಂದಲ್ಲ ಒಂದು ದಿನ ಬಿಡಲೇ ಬೇಕಲ್ಲ” ಎಂದರು. ಎಂಟನೆಯ ದಿನ ಬಂದಳು. ಒಂಬತ್ತನೆಯ ದಿನವೂ ಬಂದಳು.

ಹತ್ತನೆಯ ದಿನ ಎಂಟು ಇಪ್ಪತ್ತಕ್ಕೆ ಕೆಮ್ಮಣ್ಣಿನವರ ಫೋನ್ ಬಂತು, ಹತ್ತಿದಳು ಎಂದು. ಒಂಬತ್ತು ಹತ್ತಕ್ಕೆ ಬರಬೇಕಾದ ಬಸ್ಸು ಬರಲಿಲ್ಲ. ಒಂಬತ್ತು ಇಪ್ಪತ್ತಕ್ಕೆ ಇನ್ನೊಂದು ಬಸ್ಸಿನ ಕಂಡಕ್ಟರನ್ನು ವಿಚಾರಿಸಿದೆ.

“ಅದು ಉಡುಪಿಯಲ್ಲೇ ಕಟ್ ಮೇಡಂ. ರೋಡ್ ಬ್ಲಾಕ್ ಇತ್ತು, ಲೇಟ್ ಆಯ್ತು.”

ನನಗೆ ಹೆದರಿಕೆಯಾಯಿತು. ಉಡುಪಿಯ ನಿಲ್ದಾಣದಲ್ಲಿ ಆ ಹೊತ್ತಿಗೆ ಎಷ್ಟು ಬಸ್ಸು, ಎಷ್ಟು ಊರು, ಎಷ್ಟು ಮುಖ. ನಾನು ಉಡುಪಿಗೆ ಹೋದರೆ ಅವಳು ಇಲ್ಲಿಗೆ ಬಂದುಬಿಡಬಹುದು, ಇಲ್ಲಿಯೇ ನಿಂತರೆ ಅವಳು ಅಲ್ಲಿಂದ ಎಲ್ಲಿಗೋ ಹೋಗಿರಬಹುದು. ಶಾಲೆಗೆ ಫೋನ್ ಮಾಡಿದೆ. ಮುಖ್ಯೋಪಾಧ್ಯಾಯಿನಿಯವರು ವ್ಯಾನಿನ ಚಾಲಕರನ್ನು ನಿಲ್ದಾಣಕ್ಕೆ ಕಳುಹಿಸಿದರು. ಹತ್ತು ನಿಮಿಷದ ನಂತರ ಚಾಲಕರು ಫೋನ್ ಮಾಡಿ, ಇಲ್ಲೆಲ್ಲೂ ಕಾಣಿಸುವುದಿಲ್ಲ ಎಂದರು. ಅವಳ ಕುತ್ತಿಗೆಯಲ್ಲಿ ನಮ್ಮ ನಂಬರಿನ ಕಾರ್ಡು ಇತ್ತು. ಯಾರೂ ಫೋನ್ ಮಾಡಲಿಲ್ಲ. ತಾಯಿಗೆ ಹೇಳಬೇಕು ಎಂದು ಎರಡು ಸಲ ಮೊಬೈಲ್ ತೆಗೆದೆ, ಎರಡು ಸಲವೂ ಒತ್ತಲಾಗಲಿಲ್ಲ. ಬಸ್ಸಿನಲ್ಲಿ ಯಾರೂ ಬೇಡ ಎಂದು ಹೇಳಿದ್ದೂ ನಾನೇ.

ಹತ್ತು ಗಂಟೆಗೆ ಐದು ನಿಮಿಷವಿದ್ದಾಗ ಅವಳು ಬಂದಳು. ಬೇರೆ ಬಸ್ಸು, ಬೇರೆ ಬಣ್ಣ. ಇಳಿದು, ಚೀಟಿಯನ್ನು ಒರೆಸಿ ಚೀಲದೊಳಗೆ ಹಾಕಿ, ಗೇಟಿನ ಕಡೆ ನಡೆದು ಬಂದಳು. ಮುಖದಲ್ಲಿ ಗಾಬರಿಯೇನೂ ಇರಲಿಲ್ಲ. ಯಾರಾದರೂ ಹತ್ತಿಸಿದರಾ ಎಂದು ಕೇಳಿದೆ. ಪ್ರಶ್ನೆ ಅರ್ಥವಾಗದವಳಂತೆ ನನ್ನನ್ನು ನೋಡಿದಳು. “ಕೊಟ್ಟೆ” ಎಂದಳು. ಮತ್ತೆ ಕೇಳಿದೆ. “ಕೊಟ್ಟೆ, ಕೊಟ್ಟೆ” ಎಂದಳು. ಒಂದಕ್ಕಿಂತ ಹೆಚ್ಚು ಬಸ್ಸಿನವರ ಕೈಗೆ ಚೀಟಿ ಕೊಟ್ಟಿರಬೇಕು. ಅದಕ್ಕಿಂತ ಹೆಚ್ಚು ನಮಗೆ ಎಂದಿಗೂ ತಿಳಿಯುವುದಿಲ್ಲ.

ಟ್ಯಾಬ್ ತೆರೆದೆ. ‘ಅಗತ್ಯವಿದ್ದರೆ ಬಸ್ಸು ಬದಲಾಯಿಸುತ್ತಾಳೆ.’ ನಾವು ಕಲಿಸಿಯೇ ಇಲ್ಲದ ಸಾಲು. ವಿಡಿಯೋ ಇಲ್ಲ, ನೋಡಿದವರಿಲ್ಲ. ‘ಸ್ವತಂತ್ರ’ ಎಂದು ಒತ್ತಲು ಕೈ ತುರಿಸಿತು, ಆದರೆ ನೋಡದೆ ಒತ್ತಿದ್ದರಿಂದಲೇ ಇಷ್ಟೆಲ್ಲ ಆದದ್ದು. ಅದು ಇವತ್ತಿಗೂ ‘ಅವಕಾಶ ಸಿಕ್ಕಿಲ್ಲ’ ಎಂದೇ ಇದೆ.

ಮೇಲ್ವಿಚಾರಕರು ಗಡಿಯಾರ ನೋಡಿದರು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ಒಂಬತ್ತು ದಿನ ಹತ್ತಿದ್ದನ್ನೂ ಇಳಿದದ್ದನ್ನೂ ನಾವು ನೋಡಿದ್ದೇವೆ, ಇವತ್ತು ಉಡುಪಿಯಲ್ಲಿ ಬಸ್ಸು ಬದಲಾಯಿಸಿದ್ದನ್ನು ಯಾರೂ ನೋಡಿಲ್ಲ, ಸಮಯವೂ ಮೀರಿದೆ.

“ಟ್ರಿಪ್ ಕಟ್ ಆದ್ರೆ ನಮ್ಮ ಸ್ಟಾಫೂ ಲೇಟೇ” ಎಂದು ಹಾಜರಿ ಪುಸ್ತಕ ಎಳೆದುಕೊಂಡರು. ಹುಡುಗಿಯ ಹೆಸರನ್ನು ನನ್ನಿಂದ ಕೇಳಿ ಬರೆದುಕೊಂಡು, ಅವಳನ್ನು ಒಳಗೆ ಕಳುಹಿಸಿದರು.

ಆಮೇಲೆ ತಾಯಿಗೆ ಫೋನ್ ಮಾಡಿದೆ. ಮಾರ್ಕೆಟ್ಟಿನ ಗದ್ದಲ ಕೇಳಿಸುತ್ತಿತ್ತು. ಬಸ್ಸು ಉಡುಪಿಯಲ್ಲೇ ನಿಂತದ್ದು, ಅವಳು ಬೇರೆ ಬಸ್ಸು ಹಿಡಿದು ಬಂದದ್ದು ಹೇಳಿದೆ.

“ಉಡುಪಿಯಲ್ಲಿ ಜೊತೆಗೆ ಯಾರಿದ್ರು ಟೀಚರೇ?”

“ಯಾರೂ ಇರ್ಲಿಲ್ಲ ಅಕ್ಕ.”

“ನೀವು?”

“ನಾನೂ ಇರ್ಲಿಲ್ಲ.”

ಬೈಯುತ್ತಾರೆಂದು ಕಾದೆ. ಬೈಯಬಹುದಿತ್ತು. ಅವರು ಫೋನನ್ನು ಕಿವಿಯಿಂದ ದೂರ ಹಿಡಿದು, ಪಕ್ಕದಲ್ಲಿ ಕುಳಿತವರಿಗೆ ತುಳುವಿನಲ್ಲಿ ಹೇಳುವುದು ಕೇಳಿಸಿತು: ಜೊತೆಗೆ ಯಾರೂ ಇರಲಿಲ್ಲವಂತೆ, ಅವಳೊಬ್ಬಳೇ ಮಣಿಪಾಲಕ್ಕೆ ಹೋದಳಂತೆ.